ಬಿರುದು ಬಂದಿದೆ, ಬುಲ್ಡೋಜರ್ ಬಾರದಿರಲಿ

ನಮ್ಮ ಹಾಸನ ಜಿಲ್ಲೆಗೆ ದೊಡ್ಡ ಬಿರುದೊಂದು ಬಂದಿದೆ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಜೊತೆಗೆ ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯ, ಈ ಮೂರೂ 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಭೆ ನಡೆದದ್ದು ಸೌದಿ ಅರೇಬಿಯಾದ ರಿಯಾದಿನಲ್ಲಿ, ಸಂಭ್ರಮ ಇಲ್ಲಿ. ಭಾರತಕ್ಕೆ ಇದು 42ನೆಯ ತಾಣ. ಹಂಪಿಗೆ 1986ರಲ್ಲೇ ಸಿಕ್ಕಿತ್ತು, ಪಟ್ಟದಕಲ್ಲಿಗೆ 1987ರಲ್ಲಿ. ಅಲ್ಲಿಂದ ನಮ್ಮ ಸರದಿ ಬರಲು 36 ವರ್ಷ ಹಿಡಿಯಿತು.

ಸಂತೋಷವೇ, ಯಾರು ಬೇಡ ಅಂದರು? ಆದರೆ ಸ್ವಾಮಿ, ಸಂಬಂಧ ಬೆಳೆಸುವ ಮುಂಚೆ ನಾವು ಮನೆ ನೋಡಿ ಬರುತ್ತೇವೆ ತಾನೇ? ಈ ಬಿರುದಿನ ವಿಷಯವೂ ಹಾಗೆಯೇ. ಬಿರುದು ಬಂದ ಊರಿನಲ್ಲಿ ಕಲ್ಲಿನ ಗತಿ ಏನಾಯಿತು, ಕಲ್ಲಿನ ಪಕ್ಕದಲ್ಲಿ ಬದುಕುವ ಮನುಷ್ಯನ ಗತಿ ಏನಾಯಿತು ಅಂತ ನಮಗಿಂತ ಮೊದಲು ಅದನ್ನು ಪಡೆದವರ ಮನೆಗೆ ಹೋಗಿಯೇ ನೋಡಬೇಕು. ಹಂಪಿ, ಪಟ್ಟದಕಲ್ಲು ಎರಡಕ್ಕೂ ಹೋಗಿ ಬಂದವನಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಬೇಲೂರು, ಹಳೇಬೀಡಿನವರು ಸ್ವಲ್ಪ ಗಮನವಿಟ್ಟು ಓದಬೇಕೆಂದು ವಿನಂತಿ.

ಬಿರುದು ಅಂದರೇನು?

ಬಹಳ ಜನ ತಿಳಿದಿರುವುದು ಹೀಗೆ: ಯುನೆಸ್ಕೊದವರು ಇನ್ನು ಮೇಲೆ ದುಡ್ಡು ಕಳಿಸುತ್ತಾರೆ, ಊರು ಉದ್ಧಾರವಾಗುತ್ತದೆ. ಅಂಥದ್ದೇನೂ ಇಲ್ಲ. ಯುನೆಸ್ಕೊದ ಪರಂಪರೆ ನಿಧಿ ಸಣ್ಣದು. ಜಗತ್ತಿನ ಸಾವಿರಕ್ಕೂ ಮೀರಿದ ತಾಣಗಳಿಗೆ ಅದರಿಂದ ಪ್ರತಿವರ್ಷ ಹಂಚಲು ಸಾಧ್ಯವೇ ಇಲ್ಲ. ಖರ್ಚು ನಮ್ಮದೇ, ಕಾವಲು ನಮ್ಮದೇ.

ಹಾಗಾದರೆ ಬಿರುದು ಏನು? ಅದೊಂದು ವಾಗ್ದಾನ. 1972ರಲ್ಲಿ ಒಂದು ಅಂತಾರಾಷ್ಟ್ರೀಯ ಒಡಂಬಡಿಕೆ ಆಯಿತು. ಭಾರತ 1977ರಲ್ಲಿ ಅದಕ್ಕೆ ಸೇರಿತು. 1983ರಲ್ಲಿ ಅಜಂತಾ, ಎಲ್ಲೋರಾ, ತಾಜಮಹಲು, ಆಗ್ರಾ ಕೋಟೆಗಳು ಪಟ್ಟಿಗೆ ಬಂದವು. ‘ಈ ಜಾಗವನ್ನು ಇದ್ದ ಹಾಗೆ ಕಾಪಾಡುತ್ತೇವೆ, ಸುತ್ತಲಿನ ನೋಟ ಕೆಡಿಸುವುದಿಲ್ಲ, ಆಡಳಿತಕ್ಕೆ ಒಂದು ಯೋಜನೆ ಇಟ್ಟುಕೊಳ್ಳುತ್ತೇವೆ’ ಅಂತ ಸರ್ಕಾರ ಜಗತ್ತಿನೆದುರು ಬರೆದುಕೊಡುವುದೇ ಇದರ ಒಟ್ಟು ಅರ್ಥ. ಮಾತು ತಪ್ಪಿದರೆ ಬಿರುದು ವಾಪಸು. 2007ರಲ್ಲಿ ಒಮಾನ್ ದೇಶದ ಜಿಂಕೆ ಅಭಯಾರಣ್ಯ, 2009ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎಲ್ಬ್ ನದಿ ಕಣಿವೆ, 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಹೀಗೆ ಪಟ್ಟಿಯಿಂದ ಹೊರಬಿದ್ದವು.

ಮಾತು ಕೊಡುವವರು ದೆಹಲಿಯವರು. ಆ ಮಾತಿನಂತೆ ನಡೆಯಬೇಕಾದವರು ಮಾತ್ರ ರಥಬೀದಿಯ ಅಂಗಡಿಯವರು, ಗುಡಿಯ ಹಿಂದಿನ ಓಣಿಯವರು, ಎಳನೀರು ಮಾರುವವರು. ಇಲ್ಲೇ ಇರುವುದು ಗಂಟು.

ತುಂಗಭದ್ರೆಯ ಸೇತುವೆ

2009ರ ಬೇಸಿಗೆಯಲ್ಲಿ ನಾನು ಹಂಪಿಗೆ ಹೋದೆ. ಹೊಸಪೇಟೆಯಿಂದ 13 ಕಿಲೋಮೀಟರು. ವಿಠ್ಠಲ ದೇವಾಲಯ ನೋಡಿಕೊಂಡು ಮುಂದೆ ತಳವಾರಘಟ್ಟಕ್ಕೆ ನಡೆದರೆ ನದಿಯಲ್ಲಿ ಕಂಡದ್ದು ಮುರಿದು ಬಿದ್ದ ಸೇತುವೆ. ಆ ವರ್ಷದ ಜನವರಿ 22ರಂದು, ಕಟ್ಟುತ್ತಿರುವಾಗಲೇ ಕುಸಿದದ್ದು. ಕೆಲಸಗಾರರು ಪ್ರಾಣ ಕಳೆದುಕೊಂಡಿದ್ದರು. ಪಕ್ಕದಲ್ಲಿ ಹರಿಗೋಲಿನವನು ಎಂದಿನಂತೆ ಜನರನ್ನು ಆನೆಗೊಂದಿಗೆ ದಾಟಿಸುತ್ತಿದ್ದ.

ಆ ಸೇತುವೆಯ ಕಥೆ ದೊಡ್ಡದು. ಸ್ಮಾರಕಗಳ ನಡುವೆ ಎರಡು ತೂಗುಸೇತುವೆ ಕಟ್ಟಲು ಹೊರಟಿದ್ದರಿಂದ 1999ರಲ್ಲಿ ಹಂಪಿಯನ್ನು ‘ಅಪಾಯದಲ್ಲಿರುವ ತಾಣ’ ಎಂಬ ಪಟ್ಟಿಗೆ ಹಾಕಿದರು. ಕೆಲಸ ನಿಂತಿತು. ಹಂಪಿಗಾಗಿಯೇ ಪ್ರಾಧಿಕಾರ ರಚಿಸಲು 2002ರಲ್ಲಿ ಕಾನೂನು ಬಂತು. 2006ರಲ್ಲಿ ಹಂಪಿ ಆ ಅಪಾಯದ ಪಟ್ಟಿಯಿಂದ ಹೊರಬಂತು. ಅಷ್ಟು ವರ್ಷ ಅರ್ಧಕ್ಕೆ ನಿಂತಿದ್ದ ಸೇತುವೆ ಕೊನೆಗೆ ಹೀಗೆ ನೀರಿಗೆ ಬಿತ್ತು. ಮುಂದೆ ಬುಕ್ಕಸಾಗರ–ಕಡೇಬಾಗಿಲಿನ ಹತ್ತಿರ ಬೇರೆ ಸೇತುವೆ ಆಯಿತು ಅನ್ನುವುದು ನಿಜ. ಆದರೆ ಅಲ್ಲಿಯವರೆಗೆ ಆನೆಗೊಂದಿಯ ಬಾಣಂತಿಗೆ, ಶಾಲೆಯ ಮಕ್ಕಳಿಗೆ, ಬಾಳೆಗೊನೆ ಸಾಗಿಸುವ ರೈತನಿಗೆ ಹರಿಗೋಲೇ ಗತಿ. ಇಲ್ಲವೆಂದರೆ ಸುತ್ತು ಬಳಸಿನ ರಸ್ತೆ.

ಜರ್ಮನಿಯ ಡ್ರೆಸ್ಡೆನ್ ಪಟ್ಟಿಯಿಂದ ಹೋದದ್ದೂ ಒಂದು ಸೇತುವೆಯಿಂದಲೇ, ಗೊತ್ತಾ? ಒಂದು ವ್ಯತ್ಯಾಸ ಉಂಟು. ಅಲ್ಲಿ 2005ರಲ್ಲಿ ಊರಿನ ಜನರ ಮತ ಕೇಳಿದರು. ಸೇತುವೆ ಬೇಕು ಅಂತ ಹೆಚ್ಚು ಜನ ಹೇಳಿದರು. ಬಿರುದು ಹೋದರೂ ಸೇತುವೆ ಬಂತು. ಅವರು ಮಾಡಿದ್ದು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ನಿರ್ಧಾರದ ಲಾಭ ನಷ್ಟ ಹೊರುವವರ ಬಾಯಿಂದಲೇ ಮಾತು ಬಂತಲ್ಲ, ಅಷ್ಟು ಸಾಕು. ತುಂಗಭದ್ರೆಯ ದಡದಲ್ಲಿ ಅಂಥ ಮತ ಯಾರೂ ಕೇಳಲಿಲ್ಲ.

ಬಜಾರಿಲ್ಲದ ಬಜಾರು

ಅದೇ 2009ರಲ್ಲಿ ವಿರೂಪಾಕ್ಷನ ಎದುರಿನ ಬಜಾರು ಗಿಜಿಗಿಜಿ ಅನ್ನುತ್ತಿತ್ತು. ಗೋಪುರದಿಂದ ಎದುರು ಬಸವಣ್ಣನವರೆಗೆ ಸಾಗುವ ಉದ್ದನೆಯ ಬೀದಿ. ಎರಡೂ ಕಡೆ ವಿಜಯನಗರದ ಕಾಲದ ಕಲ್ಲು ಮಂಟಪಗಳ ಸಾಲು. ಆ ಮಂಟಪಗಳಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ, ಸೈಕಲ್ ಬಾಡಿಗೆ, ಬಟ್ಟೆ, ಪುಸ್ತಕ, ತೆಂಗಿನಕಾಯಿ, ಹಿಂದೆ ಮುಂದೆ ಸಂಸಾರಗಳು. ಕಂಬಕ್ಕೆ ಕಂಬ ಸೇರಿಸಿ ಇಟ್ಟಿಗೆ ಗೋಡೆ, ಮೇಲೆ ತಗಡು, ಒಳಗೆ ಒಲೆಯ ಹೊಗೆ. ಕೆತ್ತನೆಗೆ ಮಸಿ ಹಿಡಿದಿತ್ತು. ಇದು ಸರಿ ಅಂತ ನಾನು ಹೇಳುವುದಿಲ್ಲ. ಪುರಾತತ್ವ ಇಲಾಖೆಯವರ ಹೊಟ್ಟೆ ಉರಿದದ್ದರಲ್ಲಿ ಅರ್ಥವಿತ್ತು.

ಆದರೆ ಅದು ಬಜಾರಾಗಿತ್ತು. 1520ರ ಸುಮಾರಿಗೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟದ್ದು ಈ ಪಟ್ಟಣದ ಬೀದಿಗಳ ವ್ಯಾಪಾರವನ್ನೇ. ವ್ಯಾಪಾರಕ್ಕೆಂದೇ ಕಟ್ಟಿದ ಬೀದಿಯಲ್ಲಿ ವ್ಯಾಪಾರ ನಡೆಯುತ್ತಿತ್ತು.

2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್ ಬಂತು. ಮುನ್ನೂರಕ್ಕೂ ಹೆಚ್ಚು ಸಂಸಾರಗಳು ಬೀದಿಗೆ ಬಿದ್ದವು ಅಂತ ಆಗಿನ ಪತ್ರಿಕೆಗಳು ಬರೆದವು. ಅವರಿಗೆ ಜಾಗ ತೋರಿಸಿದ್ದು ಕಡ್ಡಿರಾಂಪುರದ ಹತ್ತಿರ, ಗುಡಿಯಿಂದ ಕೆಲವು ಕಿಲೋಮೀಟರು ದೂರ. ಯಾತ್ರಿಕರು ಬರುವುದು ಗುಡಿಗೆ, ಅಂಗಡಿ ಇಡಬೇಕಾದದ್ದು ಅಲ್ಲಿ! ನೀವೇ ಹೇಳಿ, ತೆಂಗಿನಕಾಯಿ ಕೊಳ್ಳಲು ಯಾರು ಅಷ್ಟು ದೂರ ಹೋಗುತ್ತಾರೆ?

ಮತ್ತೆ ನಾನು ಹಂಪಿಗೆ ಹೋದಾಗ ಬೀದಿ ಚೊಕ್ಕಟವಾಗಿತ್ತು. ಬಿಸಿಲು, ಕಂಬ, ಮೌನ. ಫೋಟೋ ತೆಗೆಯಲು ಚೆನ್ನ. ಬಸ್ಸು ನಿಲ್ಲುವ ಕಡೆ ಬುಟ್ಟಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡಿದ್ದ ಹೆಂಗಸೊಬ್ಬರು, ಮೊದಲು ಬಜಾರಿನಲ್ಲೇ ಅಂಗಡಿ ಇಟ್ಟಿದ್ದವರು, ಹೇಳಿದ ಮಾತು ಇದು: “ಕಲ್ಲು ಉಳೀಬೇಕಣ್ಣ, ನಾನೂ ಒಪ್ತೀನಿ. ಆ ಕಲ್ಲಿಂದಾನೇ ನಮ್ ಹೊಟ್ಟಿ ತುಂಬ್ತಿತ್ತು. ಆದ್ರ ಮೊದ್ಲು ನಮ್ಮನ್ನ ಕೂಡಿಸ್ಕೊಂಡು ಮಾತಾಡಿದ್ರ ಅವರ ಗಂಟೇನ್ ಹೋಗ್ತಿತ್ತು?”

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಇವತ್ತಿನವರೆಗೂ ಎಲ್ಲೂ ಸಿಕ್ಕಿಲ್ಲ.

ನದಿಯಾಚೆ ವಿರೂಪಾಪುರಗಡ್ಡೆಯ ಕಥೆ ಇನ್ನೊಂದು. ಅಲ್ಲಿ ರೆಸಾರ್ಟುಗಳು ಅನುಮತಿಯಿಲ್ಲದೆ ಎದ್ದಿದ್ದವು. ವರ್ಷಗಟ್ಟಲೆ ಕೋರ್ಟಿನಲ್ಲಿ ವ್ಯಾಜ್ಯ ನಡೆದು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಮಾರ್ಚಿನಲ್ಲಿ ಅವನ್ನು ಕೆಡವಿದರು. ಕಾನೂನು ಕಾನೂನೇ. ಆದರೆ ಗಮನಿಸಿ: ವಕೀಲರನ್ನಿಡಲು ಶಕ್ತಿ ಇದ್ದವರಿಗೆ ವರ್ಷಗಟ್ಟಲೆ ಕಾಲ ಸಿಕ್ಕಿತು. ಬಾಳೆಹಣ್ಣಿನ ಬುಟ್ಟಿಯವರಿಗೆ ಅಂಥ ಶಕ್ತಿ ಎಲ್ಲಿಂದ ಬರಬೇಕು?

ಇನ್ನು ಜನರನ್ನು ಎಬ್ಬಿಸಿದ ಮೇಲೆ ಕಲ್ಲಾದರೂ ಭದ್ರವಾಯಿತೇ? 2024ರ ಮೇ ತಿಂಗಳ ಮಳೆಗೆ ಅದೇ ವಿರೂಪಾಕ್ಷ ಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಆ ಹೊತ್ತಿಗೆ ಬೀದಿ ಖಾಲಿಯಾಗಿ ಹನ್ನೆರಡು ವರ್ಷ ದಾಟಿತ್ತು. ಮನುಷ್ಯನನ್ನು ಓಡಿಸುವುದೇ ಒಂದು, ಕಲ್ಲನ್ನು ಕಾಪಾಡುವುದೇ ಒಂದು. ಮೊದಲನೆಯದು ಒಂದು ದಿನದ ಕೆಲಸ. ಎರಡನೆಯದಕ್ಕೆ ಪ್ರತಿ ಮಳೆಗಾಲವೂ ಕೆಲಸ ಇದ್ದೇ ಇರುತ್ತದೆ.

ಪಟ್ಟದಕಲ್ಲಿಗೆ ಬಂದ ಹೊಳೆ

ಹೊಸಪೇಟೆಯಿಂದ ರೈಲಿನಲ್ಲಿ ಗದಗ, ಅಲ್ಲಿಂದ ಬಾದಾಮಿ, ಬಾದಾಮಿಯಿಂದ ಬಸ್ಸಿನಲ್ಲಿ ಪಟ್ಟದಕಲ್ಲು. ಮಲಪ್ರಭೆಯ ದಡದ ಸಣ್ಣ ಊರು. ಹೆಸರೇ ಹೇಳುವಂತೆ ಚಾಲುಕ್ಯರ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಜಾಗ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿರುವುದನ್ನು ನೋಡಲು ಅಲ್ಲಿಗೇ ಹೋಗಬೇಕು. ಗುಡಿ ಕಟ್ಟಿದ ಸೂತ್ರಧಾರಿಯ ಹೆಸರನ್ನೂ ಅಲ್ಲಿಯ ಶಾಸನ ಹೇಳುತ್ತದೆ: ಗುಂಡ ಅನಿವಾರಿತಾಚಾರಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟದ್ದೂ ಸೇರಿ ಗುಡಿಗಳ ಅಂಗಳವೆಲ್ಲ ಹೊಳೆಯಾಯಿತು. ಪ್ರವಾಹ ಇಳಿದ ಮೇಲೆ ಅಲ್ಲಿ ಮಾತಿಗೆ ಸಿಕ್ಕ ಹಿರಿಯ ರೈತರೊಬ್ಬರು ಅಂದರು: “ಹೊಳಿ ಬಂತಂದ್ರ ಗುಡಿ ಯಾವ್ದು, ಮನಿ ಯಾವ್ದು ಅಂತ ನೋಡೂದಿಲ್ರೀ. ಗುಡಿ ನೋಡಾಕ ಕಾರಿನ್ಯಾಗ ಬಂದವ್ರು ನಮ್ ಮನಿ ನೋಡಲಿಲ್ಲ.”

ಬಿರುದಿನ ಕಾಗದ ಹೊಳೆಯನ್ನು ತಡೆಯುವುದಿಲ್ಲ ಅಂತ ಅಂದು ಗೊತ್ತಾಯಿತು. ನೀರು ಎಲ್ಲಿಯವರೆಗೆ ಬರುತ್ತದೆ, ಯಾವ ಹಳ್ಳದ ಬಾಯಿ ಕಟ್ಟಿದರೆ ಎಲ್ಲಿ ಒಡೆಯುತ್ತದೆ ಅಂತ ಬಲ್ಲವನು ಆ ರೈತ. ಅಂಥವರನ್ನು ಪಕ್ಕಕ್ಕೆ ಸರಿಸಿ ಮಾಡಿದ ಯೋಜನೆ ಕಲ್ಲಿಗೂ ಒಳ್ಳೆಯದಲ್ಲ.

ಪಟ್ಟದಕಲ್ಲಿಗೆ ಹತ್ತಿರದಲ್ಲೇ ಐಹೊಳೆ. ಅದು ಪಟ್ಟಿಯಲ್ಲಿಲ್ಲ. ನೂರಕ್ಕೂ ಹೆಚ್ಚು ಗುಡಿಗಳಿರುವ ಆ ಊರಿನಲ್ಲಿ ಒಂದರ ಹೆಸರು ಲಾಡಖಾನ ಗುಡಿ. ಲಾಡಖಾನ ಯಾರು? ರಾಜನಲ್ಲ, ಶಿಲ್ಪಿಯಲ್ಲ. ಹಿಂದೊಮ್ಮೆ ಆ ಗುಡಿಯಲ್ಲಿ ವಾಸವಾಗಿದ್ದ ಮನುಷ್ಯ, ಅಷ್ಟೇ. ಇತಿಹಾಸದ ಪುಸ್ತಕಗಳೆಲ್ಲ ಈಗ ಗುಡಿಯನ್ನು ಕರೆಯುವುದು ಆ ಬಿಡಾರದವನ ಹೆಸರಿನಿಂದ. ನಮ್ಮ ದೇಶದಲ್ಲಿ ಕಲ್ಲಿಗೂ ಮನುಷ್ಯನಿಗೂ ನಂಟು ಇರುವುದು ಹೀಗೆ. ಒಬ್ಬರನ್ನೊಬ್ಬರು ಬಿಟ್ಟಿದ್ದವರಲ್ಲ.

ಇನ್ನು ನಮ್ಮ ಮನೆಗೆ ಬನ್ನಿ

ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಆಗಿನಿಂದ ಅದು ಪೂಜೆಯ ಗುಡಿ. ಚೈತ್ರದಲ್ಲಿ ತೇರು ಎಳೆಯುತ್ತೇವೆ. ತೇರಿಗೆ ಬೀದಿ ಬೇಕು, ಬೀದಿಗೆ ಮನೆ ಬೇಕು, ಮನೆಗೆ ಜನ ಬೇಕು. ಹಳೇಬೀಡಿನ ಸಂಗತಿ ಬೇರೆ. ಹೊಯ್ಸಳರ ರಾಜಧಾನಿ ದ್ವಾರಸಮುದ್ರ ಅದು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಆಮೇಲೆ ತುಘಲಕನ ದಂಡು. ಪಟ್ಟಣ ಹಾಳಾಗಿ ‘ಹಳೆಯ ಬೀಡು’ ಆಯಿತು. ಹಾಳಾದ ಪಟ್ಟಣದ ಮೇಲೆಯೇ ನಮ್ಮವರು ಹೊಲ ಉತ್ತರು, ಮನೆ ಕಟ್ಟಿದರು, ಕೆರೆಯ ನೀರು ಬಳಸಿದರು. ಗುಡಿಯೊಂದು ಕಡೆ, ಊರೊಂದು ಕಡೆ ಅಂತ ಗೆರೆ ಎಳೆಯಲು ಅಲ್ಲಿ ಆಗುವುದಿಲ್ಲ.

ಆದರೆ ಕಾನೂನು ಗೆರೆ ಎಳೆದಿದೆ. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಸ್ಮಾರಕ ಕಾಯಿದೆಯ ಪ್ರಕಾರ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ. ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಅನುಮತಿ ಪಡೆದು ಕಟ್ಟಬೇಕು. ಬೇಲೂರಿನ ರಥಬೀದಿಯಲ್ಲಿ ನಿಂತು 100 ಮೀಟರು ಹೆಜ್ಜೆ ಹಾಕಿ ನೋಡಿ, ಎಷ್ಟು ಹೊಸ್ತಿಲು ದಾಟುತ್ತೀರಿ ಅಂತ ಗೊತ್ತಾಗುತ್ತದೆ. ಈ ಕಾನೂನು ಬಿರುದಿಗಿಂತ ಮೊದಲಿನಿಂದಲೂ ಇದೆ. ಬಿರುದು ಬಂದ ಮೇಲೆ ಅದರ ಮೇಲೆ ಎಲ್ಲರ ಕಣ್ಣು ಬಿದ್ದಿದೆ, ಅಷ್ಟೇ.

ಹಳೇಬೀಡಿನ ಗೇಟಿನ ಹತ್ತಿರ ಎಳನೀರು ಕೊಚ್ಚುತ್ತಿದ್ದ ಹುಡುಗ ನನಗೆ ಹೇಳಿದ್ದು: “ಜನ ಜಾಸ್ತಿ ಬತ್ತಾವ್ರೆ ಸಾರ್, ಯಾಪಾರ ಪರವಾಗಿಲ್ಲ. ಆದ್ರೆ ನಾಳೆ ನಮ್ ಗಾಡಿ ಎಲ್ಲಿ ನಿಲ್ಸ್ಬೇಕು ಅಂತಾರೋ, ಅದೇ ಯೋಚ್ನೆ.”

ಬಾಳೆಹಣ್ಣಿನ ಹೆಂಗಸು ಕೇಳಿದ್ದನ್ನೇ ಈ ಹುಡುಗನೂ ಕೇಳುತ್ತಿದ್ದಾನೆ. ವ್ಯತ್ಯಾಸ ಒಂದೇ. ಅವರಿಗೆ ಕಾಲ ಮಿಂಚಿದೆ, ಇವನಿಗೆ ಇನ್ನೂ ಇದೆ.

ಈಗಲೇ ಕೇಳಬೇಕಾದದ್ದು

ಹಂಪಿಯವರಿಗೆ ತಿಳಿಯದ್ದು ನಮಗೆ ತಿಳಿದಿರಬೇಕು. ಆದ್ದರಿಂದ ನಮ್ಮ ಪುರಸಭೆ, ಪಂಚಾಯಿತಿ ಸದಸ್ಯರು, ಶಾಸಕರು ಮತ್ತು ಜಿಲ್ಲಾಧಿಕಾರಿಗಳಲ್ಲಿ ಕೆಲವು ಮಾತು.

ಒಂದು. ವಿಶ್ವ ಪರಂಪರೆಯ ತಾಣಕ್ಕೆ ಎಲ್ಲೆಯ ನಕ್ಷೆ, ಅದರ ಸುತ್ತ ರಕ್ಷಣಾ ವಲಯ, ನಿರ್ವಹಣೆಯ ಯೋಜನೆ ಇರಲೇಬೇಕೆಂಬುದು ನಿಯಮ. ಯುನೆಸ್ಕೊಗೆ ಕೊಟ್ಟ ಕಡತ ಇಂಗ್ಲಿಷಿನಲ್ಲಿದೆ. ಅದರ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ನಕ್ಷೆಯನ್ನು ಪುರಸಭೆ, ಪಂಚಾಯಿತಿಯ ಗೋಡೆಗೆ ಅಂಟಿಸಿ. ತನ್ನ ಮನೆ ಗೆರೆಯ ಒಳಗೋ ಹೊರಗೋ ಅಂತ ಮನೆಯ ಯಜಮಾನನಿಗೆ ಮೊದಲು ಗೊತ್ತಾಗಲಿ.

ಎರಡು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲವಾದರೂ ಹಳೆಯ ಮನೆಯ ರಿಪೇರಿಗೆ ಅನುಮತಿ ಕೇಳಲು ಕಾನೂನಿನಲ್ಲೇ ದಾರಿ ಇದೆ. ಇದು ಎಷ್ಟು ಜನಕ್ಕೆ ಗೊತ್ತು? ಮಳೆ ಸೋರುವ ಮನೆಯವನು ಅರ್ಜಿ ಬರೆಸಲು ದಲ್ಲಾಳಿ ಹಿಡಿಯಬೇಕೇ? ತಾಲ್ಲೂಕು ಕಚೇರಿಯಲ್ಲಿ ವಾರಕ್ಕೊಂದು ದಿನ ಇದಕ್ಕೇ ಒಬ್ಬ ಗುಮಾಸ್ತರನ್ನು ಕೂರಿಸಿದರೆ ಬೊಕ್ಕಸ ಬರಿದಾಗುವುದಿಲ್ಲ.

ಮೂರು. ಒಂದೊಂದು ಸ್ಮಾರಕಕ್ಕೂ ಪ್ರತ್ಯೇಕ ಉಪವಿಧಿ ಮಾಡಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುವುದು ಕ್ರಮ. ಊರಿನವರು ಬಾಯಿ ಬಿಡಬೇಕಾದ ಹೊತ್ತು ಅದು. ಆಮೇಲೆ ಧರಣಿ ಕೂತರೆ ಪ್ರಯೋಜನವಿಲ್ಲ.

ನಾಲ್ಕು. ಪಟ್ಟಣದ ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆ ಇದೆ. ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ ಇರಬೇಕು, ಜಾಗ ಬಿಡಿಸುವ ಮುಂಚೆ 30 ದಿನದ ನೋಟೀಸು ಕೊಡಬೇಕು. ಹಂಪಿಯ ಬಜಾರು ಖಾಲಿಯಾದಾಗ ಈ ಕಾನೂನು ಹುಟ್ಟಿರಲಿಲ್ಲ. ಬೇಲೂರಿನವರ ಕೈಯಲ್ಲಿ ಇದೆ. ಇನ್ನು ಹಳ್ಳಿಯ ವ್ಯಾಪಾರಿಗಳಿಗೂ ಅದೇ ನ್ಯಾಯ ಕೊಡಲು ಜಿಲ್ಲಾಡಳಿತ ಮನಸ್ಸು ಮಾಡಿದರೆ ಸಾಕು.

ಹಾಗಂತ ನಮ್ಮ ಕಡೆಯಿಂದಲೂ ನಡೆಯಬೇಕಾದದ್ದುಂಟು. ಹೊಯ್ಸಳರ ಗುಡಿ ಬಳಪದ ಕಲ್ಲಿನದು. ಮೆತ್ತಗಿನ ಕಲ್ಲಾದ್ದರಿಂದಲೇ ಮದನಿಕೆಯ ಬಳೆ, ಆಭರಣದ ಎಳೆ ಬಿಡಿಸಿ ಕೆತ್ತಲು ಆಯಿತು. ಮೆತ್ತಗಿನದಾದ್ದರಿಂದಲೇ ಉಗುರು ತಾಗಿದರೂ ಗೀರು ಬೀಳುತ್ತದೆ. ಗುಡಿಯ ಬುಡದಲ್ಲಿ ಕೊಳಚೆ ನೀರು ಬಿಡುವುದು, ಮೂರಂತಸ್ತು ಎಬ್ಬಿಸಿ ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುವುದು, ಇವೆಲ್ಲ ನಡೆದರೆ ಬುಲ್ಡೋಜರನ್ನು ನಾವೇ ವೀಳ್ಯ ಕೊಟ್ಟು ಕರೆದಂತೆ. ದೊಡ್ಡ ಲಾಡ್ಜಿನವನು ಮಾಡಿದ ತಪ್ಪಿಗೆ ಕೊನೆಗೆ ತಲೆ ಕೊಡುವವನು ಎಳನೀರಿನ ಹುಡುಗನೇ.

ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದುಕೊಂಡಿದ್ದಾರೆ. ಉಳಿ ಹಿಡಿದ ಕೈಗೆ ಹೆಸರಿರಲಿ ಅಂತ ಒಂಬತ್ತು ನೂರು ವರ್ಷದ ಹಿಂದೆ ಅರಸನೂ ಒಪ್ಪಿಕೊಂಡ ಜಾಗ ಅದು. ಈಗ ಅದೇ ಗುಡಿಯ ಸುತ್ತ ಯೋಜನೆ ಮಾಡುವವರು ಅಲ್ಲಿ ಬದುಕುವ ಒಂದೊಂದು ಸಂಸಾರದ ಹೆಸರನ್ನೂ ಕಡತದಲ್ಲಿ ಬರೆದುಕೊಂಡು ಕೆಲಸ ಶುರು ಮಾಡಲಿ. ಮುಂದಿನ ಸಭೆಯಲ್ಲಿ ಕುರ್ಚಿಗಳ ಸಾಲಿನಲ್ಲಿ ಎಳನೀರಿನ ಹುಡುಗನಿಗೂ ಒಂದು ಕುರ್ಚಿ ಹಾಕಿಸಿ. ಖರ್ಚು ಹೆಚ್ಚೇನೂ ಬೀಳುವುದಿಲ್ಲ.